ಶಿವಮೊಗ್ಗಕ್ಕೆ ವಿಮಾನ ಒಂದು ಗಂಟೆ, ಜೋಗಕ್ಕೆ ಎಷ್ಟು? ಲಿಂಗರಾಜಪುರದಿಂದ ಹೊರಡುವವರಿಗೆ ಪೂರ್ತಿ ಲೆಕ್ಕ

ಲಿಂಗರಾಜಪುರ: ಮಳೆ ಜೋರಾದ್ರೆ ಸಾಕು, ಜೋಗದ ವಿಡಿಯೋ ಎಲ್ಲರ ಮೊಬೈಲ್‌ಗೂ ಬರುತ್ತೆ. 'ಶಿವಮೊಗ್ಗಕ್ಕೆ ಈಗ ವಿಮಾನ ಇದೆಯಲ್ಲ, ಬೆಳಿಗ್ಗೆ ಹೋಗಿ ರಾತ್ರಿ ಬರಬಹುದು' ಅನ್ನೋ ಮಾತೂ ಶುರುವಾಗುತ್ತೆ. ವಾರಕ್ಕೊಂದೇ ದಿನ ಅಂಗಡಿ ಬಾಗಿಲು ಹಾಕುವವರು ಟಿಕೆಟ್ ಬುಕ್ ಮಾಡೋ ಮುಂಚೆ ಈ ಲೆಕ್ಕ ನೋಡಿಕೊಳ್ಳಿ.

ನಿಲ್ದಾಣ ಎಲ್ಲಿದೆ?

ಶಿವಮೊಗ್ಗ ಹತ್ತಿರದ ಸೋಗಾನೆಯಲ್ಲಿ. ರಾಷ್ಟ್ರಕವಿ ಕುವೆಂಪು ಅವರ ಹೆಸರಿಟ್ಟಿರುವ ಈ ನಿಲ್ದಾಣವನ್ನು ಪ್ರಧಾನಿ ನರೇಂದ್ರ ಮೋದಿ 2023ರ ಫೆಬ್ರವರಿ 27ರಂದು ಉದ್ಘಾಟಿಸಿದರು. ಬೆಂಗಳೂರಿನಿಂದ ಮೊದಲ ವಿಮಾನ ಹೋಗಿದ್ದು ಅದೇ ವರ್ಷ ಆಗಸ್ಟ್ 31ಕ್ಕೆ.

ಎಷ್ಟು ಹೊತ್ತು ಬೇಕು?

ಹೆಣ್ಣೂರು–ಬಾಗಲೂರು ರಸ್ತೆಯಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣಕ್ಕೆ ಒಂದು ಗಂಟೆ ಇಟ್ಟುಕೊಳ್ಳಿ. ಚೆಕ್-ಇನ್, ಸೆಕ್ಯುರಿಟಿ ಅಂತ ಎರಡು ಗಂಟೆ ಮುಂಚೆ ಅಲ್ಲಿರಬೇಕು. ಹಾರಾಟ ಸುಮಾರು ಒಂದು ಗಂಟೆ. ಇಳಿದ ಮೇಲೆ ಜೋಗ ಕಾಣಲ್ಲ. ಶಿವಮೊಗ್ಗದಿಂದ ಸಾಗರದ ಮೇಲೆ ಇನ್ನೂ ಸುಮಾರು 100 ಕಿ.ಮೀ. ಕಾರಿನಲ್ಲಿ ಹೋಗಬೇಕು, ಅದಕ್ಕೆ ಎರಡೂವರೆ ಗಂಟೆ ಬೇಕು. ಎಲ್ಲ ಕೂಡಿದ್ರೆ ಆರೂವರೆ–ಏಳು ಗಂಟೆ, ಅದೂ ಹೋಗೋಕೆ ಮಾತ್ರ. ಟ್ಯಾಕ್ಸಿ ಬಾಡಿಗೆ ಬೇರೆ.

ಮಳೆಗಾಲದಲ್ಲಿ ಹುಷಾರು

ಜೋಗದ ಎತ್ತರ 253 ಮೀಟರ್. ಆದರೆ ಮೇಲ್ಗಡೆ ಲಿಂಗನಮಕ್ಕಿ ಅಣೆಕಟ್ಟು ಶರಾವತಿ ನೀರನ್ನು ವಿದ್ಯುತ್ತಿಗಾಗಿ ಹಿಡಿದಿಡುತ್ತೆ. ಹಾಗಾಗಿ ಜಲಪಾತ ನೋಡೋಕೆ ಚೆನ್ನಾಗಿರೋದು ಮಳೆಗಾಲದಲ್ಲೇ. ಅಣೆಕಟ್ಟು ತುಂಬಿ ಗೇಟ್ ತೆಗೆದರಂತೂ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಭೋರ್ಗರೆಯುತ್ತವೆ. ಮಲೆನಾಡಿನಲ್ಲಿ ಮೋಡ, ಮಂಜು ಕವಿಯೋದೂ ಅದೇ ಹೊತ್ತಲ್ಲಿ. ರನ್‌ವೇ ಸರಿಯಾಗಿ ಕಾಣದೆ ವಿಮಾನ ಇಳಿಯಲಾಗದೆ ವಾಪಸ್ ಹೋದ ಉದಾಹರಣೆಗಳಿವೆ.

ರಾತ್ರಿ ರೈಲು

ಮೈಸೂರು–ತಾಳಗುಪ್ಪ ರಾತ್ರಿ ರೈಲು ಮೆಜೆಸ್ಟಿಕ್ ನಿಲ್ದಾಣದ ಮೂಲಕ ಹೋಗುತ್ತೆ. ಮಲಗಿ ಎದ್ದರೆ ತಾಳಗುಪ್ಪ. ಅಲ್ಲಿಂದ ಜೋಗ ಸುಮಾರು 15 ಕಿ.ಮೀ. ಅಷ್ಟೇ. ವಾಪಸ್ ಬರೋಕೂ ರಾತ್ರಿ ರೈಲಿದೆ. ಶನಿವಾರ ರಾತ್ರಿ ಶಟರ್ ಎಳೆದು ಹೊರಟರೆ ಭಾನುವಾರ ಜೋಗ, ಸೋಮವಾರ ಮತ್ತೆ ವ್ಯಾಪಾರ.

ಹಾಗಾದ್ರೆ ವಿಮಾನ ಯಾರಿಗೆ?

ಶಿವಮೊಗ್ಗದಲ್ಲೇ ಕೆಲಸ ಇರುವವರಿಗೆ, ರಾತ್ರಿ ಪ್ರಯಾಣ ಆಗದ ಹಿರಿಯರಿಗೆ, ಎರಡು ಮೂರು ದಿನ ಉಳಿದು ಸಾಗರ, ತೀರ್ಥಹಳ್ಳಿ ಕಡೆನೂ ಸುತ್ತೋರಿಗೆ ಅನುಕೂಲ. ಒಂದೇ ದಿನ ಜೋಗ ನೋಡಿ ಬರೋರಿಗೆ ರೈಲೇ ವಾಸಿ. ಹೊರಡೋ ಮುಂಚೆ ಲಿಂಗನಮಕ್ಕಿ ನೀರಿನ ಮಟ್ಟ, ರೈಲು–ವಿಮಾನದ ಸಮಯ ಎರಡನ್ನೂ ಒಮ್ಮೆ ನೋಡಿಕೊಳ್ಳಿ.