ಗಣಕ ಪರದೆ ಮತ್ತು ಕಣ್ಣಿನ ದಣಿವು: ಕಚೇರಿ, ಕಾರ್ಖಾನೆಗಳಲ್ಲಿ ಕೈಗೊಳ್ಳಬೇಕಾದ ಕ್ರಮಗಳು

ವ್ಯಾಪಾರದ ಜಮಾ-ಖರ್ಚು ಕೆಂಪು ರಟ್ಟಿನ ಖಾತೆ ಪುಸ್ತಕಗಳಿಂದ ಗಣಕಯಂತ್ರಕ್ಕೆ ವರ್ಗವಾಗುವ ಕಾರ್ಯ ಹಲವು ವರ್ಷಗಳ ಕಾಲ ನಿಧಾನವಾಗಿ ನಡೆದಿತ್ತು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ಮೇಲೆ ಅದು ಬಹುಮಟ್ಟಿಗೆ ಪೂರ್ಣಗೊಂಡಿತು. ಇಂದು ಬೀಜಕ, ಇ-ವೇ ಬಿಲ್, ರಿಟರ್ನ್ ಸಲ್ಲಿಕೆ, ಬ್ಯಾಂಕ್ ಪಾವತಿ ಇವೆಲ್ಲವೂ ಪರದೆಯ ಮೇಲೆಯೇ ನಡೆಯುತ್ತವೆ. ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳ ಸಣ್ಣ ಘಟಕಗಳಲ್ಲಿಯೂ ನಕ್ಷೆಯ ಮೇಜಿನ ಸ್ಥಾನಕ್ಕೆ ಕ್ಯಾಡ್ ತಂತ್ರಾಂಶ ಬಂದಿದೆ. ಹಳೆಯ ಲೇತ್‌ಗಳ ಪಕ್ಕದಲ್ಲಿ ಸಿ.ಎನ್.ಸಿ. ಯಂತ್ರಗಳು ನಿಂತಿವೆ. ಹೀಗಾಗಿ, ಹಿಂದೆ ತೋಳು ಮತ್ತು ಬೆನ್ನಿನ ಮೇಲೆ ಬೀಳುತ್ತಿದ್ದ ಶ್ರಮದ ಒಂದು ಭಾಗ ಈಗ ಕಣ್ಣಿನ ಪಾಲಿಗೆ ಬಂದಿದೆ.

ಕಣ್ಣುರಿ, ಹಣೆಯ ಸುತ್ತ ನೋವು, ಸಂಜೆಯ ಹೊತ್ತಿಗೆ ಅಕ್ಷರಗಳು ಮಸುಕಾಗುವುದು, ಕತ್ತು ಹಿಡಿದುಕೊಳ್ಳುವುದು ಇವು ಈ ಶ್ರಮದ ಸಾಮಾನ್ಯ ಲಕ್ಷಣಗಳು. ಪರದೆಯ ಕೆಲಸದಿಂದ ಬರುವ ಈ ದಣಿವು ವಯಸ್ಕರ ಕಣ್ಣಿಗೆ ಶಾಶ್ವತ ಹಾನಿ ಮಾಡುತ್ತದೆ ಎಂಬುದಕ್ಕೆ ಆಧಾರವಿಲ್ಲ; ವಿಶ್ರಾಂತಿ ದೊರೆತರೆ ಅದು ಶಮನಗೊಳ್ಳುತ್ತದೆ. ಆದರೂ ಉದ್ಯಮಿಗಳು ಇದನ್ನು ಕಡೆಗಣಿಸುವಂತಿಲ್ಲ. ಬೀಜಕದ ಮೊತ್ತದಲ್ಲಿ ಎರಡು ಅಂಕಿಗಳು ಅದಲುಬದಲಾದರೆ ಖರೀದಿದಾರರ ಲೆಕ್ಕಕ್ಕೂ ಮಾರಾಟಗಾರರ ಲೆಕ್ಕಕ್ಕೂ ತಾಳೆಯಾಗದೆ ಇನ್‌ಪುಟ್ ತೆರಿಗೆ ಜಮೆಗೆ ತೊಡಕಾಗುತ್ತದೆ. ಯಂತ್ರಕ್ಕೆ ನೀಡುವ ಆದೇಶದಲ್ಲಿ ಒಂದು ದಶಾಂಶ ಬಿಂದು ಕಣ್ತಪ್ಪಿದರೆ ತಯಾರಾದ ವಸ್ತು ತಿರಸ್ಕೃತವಾಗುತ್ತದೆ, ಕೆಲವೊಮ್ಮೆ ಟೂಲ್ ಮುರಿಯುತ್ತದೆ. ಇಂತಹ ತಪ್ಪುಗಳನ್ನು ಅಜಾಗರೂಕತೆಯೆಂದು ಭಾವಿಸಿ ನೌಕರರನ್ನು ದೂಷಿಸುವ ಮೊದಲು ಅವರ ಮೇಜು, ಬೆಳಕು ಮತ್ತು ಕನ್ನಡಕವನ್ನು ಪರಿಶೀಲಿಸುವುದು ಒಳಿತು.

ದಣಿವಿಗೆ ಕಾರಣಗಳು

ಮೊದಲನೆಯದು ಸ್ನಾಯುಗಳ ಶ್ರಮ. ಹತ್ತಿರದ ವಸ್ತುವನ್ನು ನೋಡುವಾಗ ಕಣ್ಣಿನೊಳಗಿನ ಸಣ್ಣ ಸ್ನಾಯುವೊಂದು ಸಂಕುಚಿತಗೊಂಡು ಮಸೂರವನ್ನು ಉಬ್ಬಿಸುತ್ತದೆ. ಅದೇ ವೇಳೆ ಎರಡೂ ಕಣ್ಣುಗಳು ಮೂಗಿನ ಕಡೆಗೆ ವಾಲುತ್ತವೆ. ವಸ್ತು ಹತ್ತಿರವಾದಷ್ಟೂ ಈ ಶ್ರಮ ಹೆಚ್ಚು. 60 ಸೆಂಟಿಮೀಟರ್ ದೂರದ ಮಾನಿಟರ್‌ಗೆ ಹೋಲಿಸಿದರೆ 30 ಸೆಂಟಿಮೀಟರ್ ದೂರದಲ್ಲಿ ಹಿಡಿದ ಮೊಬೈಲ್‌ಗೆ ಮಸೂರ ಎರಡರಷ್ಟು ಹೊಂದಿಕೊಳ್ಳಬೇಕಾಗುತ್ತದೆ. ಗಂಟೆಗಟ್ಟಲೆ ಮುಷ್ಟಿ ಬಿಗಿಹಿಡಿದ ಕೈ ನೋಯುವಂತೆಯೇ ಈ ಸ್ನಾಯುವೂ ದಣಿಯುತ್ತದೆ.

ಎರಡನೆಯದು ರೆಪ್ಪೆ ಬಡಿತ ಕುಗ್ಗುವುದು. ಸಾಮಾನ್ಯವಾಗಿ ಮನುಷ್ಯ ನಿಮಿಷಕ್ಕೆ ಸುಮಾರು 15ರಿಂದ 20 ಬಾರಿ ರೆಪ್ಪೆ ಮಿಟುಕಿಸುತ್ತಾನೆ. ಪ್ರತಿ ಬಡಿತವೂ ಕಣ್ಣಿನ ಮೇಲೆ ಕಣ್ಣೀರಿನ ತೆಳುವಾದ ಪದರವನ್ನು ಹರಡುತ್ತದೆ. ಪರದೆಯ ಮೇಲೆ ಗಮನ ನೆಟ್ಟಾಗ ಬಡಿತದ ಸಂಖ್ಯೆ ಅರ್ಧಕ್ಕೂ ಕಡಿಮೆಯಾಗಬಹುದು. ರೆಪ್ಪೆಗಳು ಪೂರ್ಣವಾಗಿ ಮುಚ್ಚುವುದೂ ಕಡಿಮೆಯಾಗುತ್ತದೆ. ಆಗ ಪದರ ಒಡೆದು ಕಣ್ಣು ಒಣಗುತ್ತದೆ. ಮುಖಕ್ಕೆ ನೇರವಾಗಿ ಬೀಸುವ ಫ್ಯಾನ್ ಅಥವಾ ಹವಾನಿಯಂತ್ರಕದ ಗಾಳಿ ಇದನ್ನು ಇನ್ನಷ್ಟು ಹೆಚ್ಚಿಸುತ್ತದೆ.

ಮೂರನೆಯದು ಬೆಳಕಿನ ದೋಷ. ಪರದೆಯ ಮೇಲೆ ಪ್ರತಿಫಲಿಸುವ ಕಿಟಕಿ ಅಥವಾ ದೀಪ, ಪರದೆಗೂ ಕೋಣೆಗೂ ಇರುವ ಬೆಳಕಿನ ತೀವ್ರ ಅಂತರ, ಹಳೆಯ ಚೋಕ್‌ನ ಟ್ಯೂಬ್‌ಲೈಟ್‌ಗಳ ಮಿನುಗು ಇವೆಲ್ಲವೂ ಕಣ್ಣಿಗೆ ಹೊರೆ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದ್ದಾದುದರಿಂದ ಇಂತಹ ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಅದು ಕಣ್ಣಿಗೆ ಸ್ಪಷ್ಟವಾಗಿ ಕಾಣದಿದ್ದರೂ ಕೆಲವರಲ್ಲಿ ತಲೆನೋವಿಗೆ ಕಾರಣವಾಗುತ್ತದೆ.

ಮೇಜು ಮತ್ತು ಬೆಳಕಿನ ವ್ಯವಸ್ಥೆ

ಇವುಗಳ ನಿವಾರಣೆಗೆ ದೊಡ್ಡ ವೆಚ್ಚ ಬೇಕಿಲ್ಲ. ಮಾನಿಟರ್ ಕಣ್ಣಿನಿಂದ ಸುಮಾರು 50ರಿಂದ 70 ಸೆಂಟಿಮೀಟರ್ ದೂರದಲ್ಲಿರಬೇಕು. ಅಂದರೆ ಕುಳಿತಲ್ಲಿಂದ ಕೈ ಚಾಚಿದರೆ ಬೆರಳ ತುದಿ ಪರದೆಯನ್ನು ಮುಟ್ಟುವಷ್ಟು ಅಂತರ. ಪರದೆಯ ಮೇಲಂಚು ಕಣ್ಣಿನ ಮಟ್ಟದಲ್ಲಿ ಅಥವಾ ಅದಕ್ಕಿಂತ ತುಸು ಕೆಳಗಿರಬೇಕು. ದೃಷ್ಟಿ ಸ್ವಲ್ಪ ಕೆಳಮುಖವಾಗಿದ್ದರೆ ರೆಪ್ಪೆ ಕಣ್ಣಿನ ಹೆಚ್ಚು ಭಾಗವನ್ನು ಮುಚ್ಚಿ ಒಣಗುವಿಕೆಯನ್ನು ತಡೆಯುತ್ತದೆ. ಲ್ಯಾಪ್‌ಟಾಪ್‌ನಲ್ಲಿಯೇ ದಿನವಿಡೀ ಲೆಕ್ಕ ಬರೆಯುವವರಿಗೆ ಪ್ರತ್ಯೇಕ ಕೀಲಿಮಣೆ ಒದಗಿಸಿ, ಲ್ಯಾಪ್‌ಟಾಪನ್ನು ಎತ್ತರದ ಪೀಠದ ಮೇಲಿಡುವುದು ಸೂಕ್ತ.

ಮಾನಿಟರ್ ಕಿಟಕಿಗೆ ಎದುರಾಗಿಯೂ ಇರಬಾರದು, ಕಿಟಕಿ ಅದರ ಹಿಂಬದಿಯಲ್ಲಿಯೂ ಇರಬಾರದು. ಬೆಳಕು ಪಕ್ಕದಿಂದ ಬರುವಂತಿರಬೇಕು. ಪರದೆಯನ್ನು ಆರಿಸಿ ನೋಡಿದಾಗ ಅದರಲ್ಲಿ ದೀಪದ ಬಿಂಬ ಕಂಡರೆ ಮೇಜನ್ನು ತಿರುಗಿಸಬೇಕೆಂದೇ ಅರ್ಥ. ಗಣಕದ ಕೆಲಸ ನಡೆಯುವ ಕೊಠಡಿಗೆ ಸಾಮಾನ್ಯವಾಗಿ 300ರಿಂದ 500 ಲಕ್ಸ್ ಬೆಳಕು ಸಾಕೆನಿಸುತ್ತದೆ. ಪರದೆಯ ಪ್ರಖರತೆಯನ್ನು ಅದರ ಪಕ್ಕದಲ್ಲಿಟ್ಟ ಬಿಳಿ ಕಾಗದಕ್ಕೆ ಸರಿಸಮವಾಗಿ ಹೊಂದಿಸುವುದು ಸುಲಭದ ಅಳತೆ. ಕತ್ತಲೆಯ ಗೋದಾಮಿನಲ್ಲಿ ಪರದೆಯೊಂದೇ ಉರಿಯುತ್ತಿರುವ ವ್ಯವಸ್ಥೆ ಸರಿಯಲ್ಲ.

ಅಕ್ಷರದ ಗಾತ್ರವೂ ಮುಖ್ಯ. ಒಂದೇ ಪರದೆಯಲ್ಲಿ ಹೆಚ್ಚು ಸಾಲುಗಳು ಕಾಣಲೆಂದು ಅಕ್ಷರಗಳನ್ನು ಕುಗ್ಗಿಸಿದರೆ ನೌಕರರು ಮುಂದಕ್ಕೆ ಬಾಗುತ್ತಾರೆ. ದೂರದ ನಿಯಮ ಅಲ್ಲಿಗೇ ಮುರಿಯುತ್ತದೆ. ಕಾರ್ಖಾನೆಯ ಯಂತ್ರಗಳ ಪರದೆಗಳ ಮೇಲೆ ಎಣ್ಣೆ ಮತ್ತು ಧೂಳು ಕುಳಿತು ಅಂಕಿಗಳು ಮಸುಕಾಗುವುದರಿಂದ, ಪ್ರತಿ ಪಾಳಿಯ ಆರಂಭದಲ್ಲಿ ಅವುಗಳನ್ನು ಒರೆಸುವ ಪದ್ಧತಿಯನ್ನು ರೂಢಿಸಬೇಕು.

ವಿರಾಮದ ಕ್ರಮ

ನೇತ್ರತಜ್ಞರು ಸಾಮಾನ್ಯವಾಗಿ ಸೂಚಿಸುವುದು 20-20-20ರ ಸೂತ್ರ: 20 ನಿಮಿಷಗಳಿಗೊಮ್ಮೆ, 20 ಅಡಿ ದೂರದ ವಸ್ತುವನ್ನು, 20 ಸೆಕೆಂಡುಗಳ ಕಾಲ ನೋಡುವುದು. ಈ ಅಂಕಿಗಳು ನೆನಪಿಗೆ ಅನುಕೂಲವಾಗಲೆಂದು ಹೇಳಿದವು. ತತ್ತ್ವವೆಂದರೆ ದೃಷ್ಟಿಯನ್ನು ಆಗಾಗ ದೂರಕ್ಕೆ ಹರಿಸಿ ಸ್ನಾಯುವನ್ನು ಸಡಿಲಗೊಳಿಸುವುದು. ಇಕ್ಕಟ್ಟಾದ ಅಂಗಡಿಯಲ್ಲಿ 20 ಅಡಿ ಅಂತರವಿಲ್ಲದಿದ್ದರೆ ಬಾಗಿಲಿನಾಚೆ ರಸ್ತೆಯ ಎದುರುಬದಿಯನ್ನು ನೋಡಿದರೂ ಸಾಕು. ಆ ವೇಳೆಯಲ್ಲಿ ರೆಪ್ಪೆಗಳನ್ನು ನಾಲ್ಕಾರು ಬಾರಿ ಪೂರ್ಣವಾಗಿ ಮುಚ್ಚಿ ತೆರೆಯಬೇಕು. ಗಂಟೆಗೊಮ್ಮೆ ಐದು ನಿಮಿಷ ಮೇಜು ಬಿಟ್ಟು ಏಳುವುದೂ ಅವಶ್ಯ. ವಿರಾಮದಲ್ಲಿ ಮೊಬೈಲ್ ನೋಡಿದರೆ ಅದು ಕಣ್ಣಿಗೆ ವಿರಾಮವಾಗದು.

ಚಾಳೀಸು ಮತ್ತು ಕನ್ನಡಕ

ಸಣ್ಣ ಸಂಸ್ಥೆಗಳಲ್ಲಿ ಲೆಕ್ಕಪತ್ರದ ಹೊಣೆ ಬಹುತೇಕ ನಲವತ್ತು ದಾಟಿದ ಅನುಭವಸ್ಥರ ಮೇಲಿರುತ್ತದೆ. ಈ ವಯಸ್ಸಿನಲ್ಲಿ ಕಣ್ಣಿನ ಮಸೂರ ಗಡುಸಾಗಿ, ಹತ್ತಿರದ ಅಕ್ಷರಗಳು ಮಸುಕಾಗತೊಡಗುತ್ತವೆ. ಜನರು ಇದನ್ನೇ ಚಾಳೀಸು ಎನ್ನುತ್ತಾರೆ. ಓದುವ ಕನ್ನಡಕವನ್ನು ಸಾಮಾನ್ಯವಾಗಿ ಪುಸ್ತಕದ ದೂರಕ್ಕೆ, ಅಂದರೆ ಸುಮಾರು 35ರಿಂದ 40 ಸೆಂಟಿಮೀಟರ್‌ಗೆ ಹೊಂದಿಸಿ ಕೊಡಲಾಗುತ್ತದೆ. ಆದರೆ ಮಾನಿಟರ್ ಅದಕ್ಕಿಂತ ದೂರದಲ್ಲಿರುತ್ತದೆ. ಹೀಗಾಗಿ ಧರಿಸಿದವರು ಒಂದೋ ಪರದೆಯತ್ತ ಬಾಗುತ್ತಾರೆ, ಇಲ್ಲವೇ ಬೈಫೋಕಲ್‌ನ ಕೆಳಭಾಗದಿಂದ ನೋಡಲು ಗದ್ದವನ್ನೆತ್ತಿ ಕೂರುತ್ತಾರೆ. ಕತ್ತು ನೋವಿಗೆ ಇದೇ ಮೂಲ.

ಇದಕ್ಕೆ ಪರಿಹಾರ ಸರಳವಾಗಿದೆ. ಕಣ್ಣಿನಿಂದ ಪರದೆಯವರೆಗಿನ ದೂರವನ್ನು ಟೇಪಿನಿಂದ ಅಳೆದು, ಆ ಅಂಕಿಯನ್ನು ಕಣ್ಣು ಪರೀಕ್ಷಕರಿಗೆ ತಿಳಿಸಿದರೆ, ಆ ದೂರಕ್ಕೆ ತಕ್ಕ ಕನ್ನಡಕವನ್ನು ಸೂಚಿಸುತ್ತಾರೆ. ಎಷ್ಟೋ ಮಂದಿ ಗುಮಾಸ್ತರು ತಮ್ಮ ಕಣ್ಣು ಕೆಟ್ಟಿತೆಂದು ಅಂಜಿ, ಕೆಲಸ ಹೋದೀತೆಂಬ ಭಯದಿಂದ ತೊಂದರೆಯನ್ನು ಮುಚ್ಚಿಡುತ್ತಾರೆ. ಅವರಿಗೆ ಬೇಕಾದುದು ಬಹುಪಾಲು ಸರಿಯಾದ ಸಂಖ್ಯೆಯ ಕನ್ನಡಕ ಮಾತ್ರ. ಮಾಲೀಕರು ತಾವಾಗಿಯೇ ಈ ವಿಷಯವನ್ನು ವಿಚಾರಿಸಿದರೆ, ಹಲವು ವರ್ಷಗಳ ಅನುಭವವುಳ್ಳ ಕೈಯೊಂದು ಸಂಸ್ಥೆಯಲ್ಲಿ ಉಳಿಯುತ್ತದೆ.

ಖರ್ಚು ಮಾಡುವ ಮೊದಲು

ನೀಲಿ ಬೆಳಕನ್ನು ತಡೆಯುತ್ತವೆಂದು ಹೇಳುವ ಕನ್ನಡಕಗಳು ಮಾರುಕಟ್ಟೆಯಲ್ಲಿ ಹೆಚ್ಚಿನ ಬೆಲೆಗೆ ಮಾರಾಟವಾಗುತ್ತಿವೆ. 2023ರಲ್ಲಿ ಪ್ರಕಟವಾದ ಕಾಕ್ರೇನ್ ಸಂಸ್ಥೆಯ ವಿಮರ್ಶೆಯು 17 ಪ್ರಯೋಗಗಳನ್ನು ಪರಿಶೀಲಿಸಿ, ಪರದೆಯ ಕೆಲಸದಿಂದಾಗುವ ದಣಿವನ್ನು ಕಡಿಮೆ ಮಾಡುವಲ್ಲಿ ಅಲ್ಪಾವಧಿಯಲ್ಲಿ ಇವು ಸಾಮಾನ್ಯ ಕನ್ನಡಕಕ್ಕಿಂತ ಮೇಲಲ್ಲವೆಂಬ ಅಭಿಪ್ರಾಯಕ್ಕೆ ಬಂದಿತು. ದಣಿವಿನ ಮೂಲ ಬೆಳಕಿನ ಬಣ್ಣದಲ್ಲಿರದೆ ದೂರ, ರೆಪ್ಪೆ ಬಡಿತ ಮತ್ತು ಪ್ರತಿಫಲನದಲ್ಲಿರುವುದರಿಂದ ಇದು ಆಶ್ಚರ್ಯಕರವಲ್ಲ. ಆ ಹಣವನ್ನು ಕಣ್ಣಿನ ಪರೀಕ್ಷೆಗೂ ಒಳ್ಳೆಯ ಕುರ್ಚಿಗೂ ವಿನಿಯೋಗಿಸುವುದು ಲಾಭಕರ.

ಕಣ್ಣು ಒಣಗಿದಾಗ ಕೃತಕ ಕಣ್ಣೀರಿನ ಹನಿಗಳು ಉಪಶಮನ ನೀಡುತ್ತವೆ. ಆದರೆ ಕೆಂಪಾದ ಕಣ್ಣಿಗೆಂದು ಔಷಧಿ ಅಂಗಡಿಯಿಂದ ತಾವೇ ಸ್ಟೀರಾಯ್ಡ್‌ಯುಕ್ತ ಹನಿಗಳನ್ನು ಕೊಂಡು ಬಳಸುವುದು ಅಪಾಯಕಾರಿ. ದೀರ್ಘಕಾಲದ ಬಳಕೆಯಿಂದ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಉಂಟಾಗಬಹುದು, ಕಣ್ಣಿನ ಪೊರೆಯೂ ಬರಬಹುದು. ಪರದೆಯ ದಣಿವು ಮಾಡದ ಶಾಶ್ವತ ಹಾನಿಯನ್ನು ಈ ಸ್ವಯಂಚಿಕಿತ್ಸೆ ಮಾಡಬಲ್ಲುದು.

ದೃಷ್ಟಿ ಹಠಾತ್ತನೆ ಕುಂದಿದರೆ, ಮಿಂಚು ಅಥವಾ ಕಪ್ಪು ಚುಕ್ಕೆಗಳು ಒಮ್ಮೆಲೇ ಕಾಣಿಸಿಕೊಂಡರೆ, ಕೆಂಪಿನೊಂದಿಗೆ ತೀವ್ರ ನೋವಿದ್ದರೆ ಅದನ್ನು ಪರದೆಯ ದಣಿವೆಂದು ಭಾವಿಸದೆ ತಕ್ಷಣ ನೇತ್ರವೈದ್ಯರನ್ನು ಕಾಣತಕ್ಕದ್ದು. ಮಧುಮೇಹವುಳ್ಳವರು ತೊಂದರೆ ಇಲ್ಲದಿದ್ದರೂ ವರ್ಷಕ್ಕೊಮ್ಮೆ ಅಕ್ಷಿಪಟಲದ ಪರೀಕ್ಷೆ ಮಾಡಿಸಬೇಕು.

ಮಾಲೀಕರ ಪಾತ್ರ

ಯುರೋಪಿನ ರಾಷ್ಟ್ರಗಳು ಈ ವಿಷಯವನ್ನು ಬಹಳ ಹಿಂದೆಯೇ ಕಾನೂನಿನ ಚೌಕಟ್ಟಿಗೆ ತಂದಿವೆ. 1990ರ ಯುರೋಪಿಯನ್ ನಿರ್ದೇಶನ ಮತ್ತು ಅದನ್ನನುಸರಿಸಿ ಬ್ರಿಟನ್ನಿನಲ್ಲಿ ಬಂದ 1992ರ ನಿಯಮಗಳು ಪರದೆಯ ಮುಂದೆ ದುಡಿಯುವವರ ಕಣ್ಣಿನ ಪರೀಕ್ಷೆ ಮತ್ತು ಕೆಲಸದ ನಡುವಿನ ವಿರಾಮವನ್ನು ಮಾಲೀಕರ ಹೊಣೆಯಾಗಿಸಿವೆ. ಕಾನೂನಿನ ಒತ್ತಾಯಕ್ಕೆ ಕಾಯದೆ ಇಲ್ಲಿನ ಉದ್ಯಮಿಗಳೂ ಇದನ್ನು ಅನುಸರಿಸಬಹುದು.

ಪ್ರತಿ ತಿಂಗಳು ರಿಟರ್ನ್ ಸಲ್ಲಿಸುವ ಸಂಸ್ಥೆಗಳಿಗೆ ಜಿ.ಎಸ್.ಟಿ.ಆರ್.-1ರ ಗಡುವು 11ನೇ ತಾರೀಖು, ಜಿ.ಎಸ್.ಟಿ.ಆರ್.-3ಬಿಯದು 20ನೇ ತಾರೀಖು. ಕಣ್ಣಿನ ಮೇಲಿನ ಹೊರೆ ಈ ಗಡುವುಗಳ ಹಿಂದುಮುಂದಿನ ದಿನಗಳಲ್ಲಿಯೇ ಅತಿ ಹೆಚ್ಚು. ತಪ್ಪುಗಳ ಸಂಭವವೂ ಆಗಲೇ ಹೆಚ್ಚು. ಬೀಜಕಗಳನ್ನು ಅಂದಂದೇ ದಾಖಲಿಸಿ, ವಾರಕ್ಕೊಮ್ಮೆ ತಾಳೆ ನೋಡುವ ಪದ್ಧತಿ ಇಟ್ಟುಕೊಂಡರೆ ಕೊನೆಯ ರಾತ್ರಿಯ ಜಾಗರಣೆ ತಪ್ಪುತ್ತದೆ. ಅಂತಿಮ ಪರಿಶೀಲನೆಯನ್ನು ಸಂಜೆಯ ದಣಿದ ಕಣ್ಣಿಗೆ ಬಿಡದೆ ಮರುದಿನ ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳುವುದು ಲೇಸು. ಯಂತ್ರಗಳ ನಿರ್ವಹಣೆಗೆ ವೇಳಾಪಟ್ಟಿ ಇರುವಂತೆ ಅವುಗಳ ಮುಂದೆ ಕೂರುವವರ ಕಣ್ಣಿನ ತಪಾಸಣೆಗೂ ವರ್ಷದಲ್ಲೊಂದು ದಿನವನ್ನು ಗೊತ್ತುಪಡಿಸಿದರೆ, ಅದರ ಪ್ರಯೋಜನ ನೌಕರರಿಗೂ ಸಂಸ್ಥೆಯ ಲೆಕ್ಕಪುಸ್ತಕಕ್ಕೂ ಸಮನಾಗಿ ದೊರೆಯುತ್ತದೆ.