ಕಪಾಟಿನಲ್ಲಿ ಮಲಗಿರುವ ನೋಂದಣಿ ಪತ್ರ

ಮಗಳು ನರ್ಸಿಂಗ್ ಪಾಸಾದಳೆಂದು ತಿಳಿದ ದಿನ ಮನೆಯಲ್ಲಿ ಸಿಹಿ ಹಂಚುತ್ತೇವೆ. ಅಂಕಪಟ್ಟಿಗೆ ಲ್ಯಾಮಿನೇಷನ್ ಮಾಡಿಸಿ, ಗೋದ್ರೇಜ್ ಕಪಾಟಿನ ಒಳಖಾನೆಯಲ್ಲಿ ಒಡವೆಗಳ ಜೊತೆ ಜೋಪಾನವಾಗಿ ಇಡುತ್ತೇವೆ. (ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ. ಮುಂದೆ ವಿದೇಶಕ್ಕೆ ಹೋಗುವುದಾದರೆ ಅದರ ಹಿಂಬದಿಗೆ ಅಟೆಸ್ಟೇಷನ್ ಮೊಹರು ಬೀಳಬೇಕಾಗುತ್ತದೆ. ಪ್ಲಾಸ್ಟಿಕ್ ಮೇಲೆ ಮೊಹರು ಒತ್ತಲು ಬರುವುದಿಲ್ಲ.) ಅಲ್ಲಿಗೆ ಎಲ್ಲ ಮುಗಿಯಿತು ಎಂದುಕೊಳ್ಳುತ್ತೇವೆ. ಆದರೆ ಕಾನೂನಿನ ಕಣ್ಣಿನಲ್ಲಿ ಆಕೆ ನರ್ಸ್ ಆಗುವುದು ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ರಿಜಿಸ್ಟರಿನಲ್ಲಿ ಹೆಸರು ದಾಖಲಾದ ದಿನ. ಆ ಹೆಸರು ಅಲ್ಲಿ ಜೀವಂತವಾಗಿ ಉಳಿಯಬೇಕಾದರೆ ಕಾಲಕಾಲಕ್ಕೆ ಶುಲ್ಕ ಕಟ್ಟಿ ನವೀಕರಿಸುತ್ತಿರಬೇಕು.

ಎಷ್ಟು ಮನೆಗಳಲ್ಲಿ ಈ ವಿಚಾರ ಗೊತ್ತಿದೆ? ಮದರಸದಲ್ಲೂ ಶಾಲೆಯಲ್ಲೂ ಹಲವು ವರ್ಷ ಪಾಠ ಮಾಡಿದ ನನ್ನ ಅನುಭವದಲ್ಲಿ ಹೇಳುವುದಾದರೆ, ಬಹಳ ಕಡಿಮೆ. ಕಲಿಸುವಾಗ ಲಕ್ಷಗಟ್ಟಲೆ ಖರ್ಚು ಮಾಡಿದವರೇ ಕಲಿತ ಮೇಲಿನ ಈ ಸಣ್ಣ ಖರ್ಚನ್ನು ಮರೆಯುತ್ತಾರೆ.

ಮೊದಲು ವಿಷಯವನ್ನು ಸ್ವಲ್ಪ ಬಿಡಿಸಿ ನೋಡೋಣ. ಬಿಎಸ್ಸಿ ನರ್ಸಿಂಗ್ ಆದರೆ ಪದವಿ ಕೊಡುವುದು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ, ಜಿಎನ್‌ಎಂ ಆದರೆ ಡಿಪ್ಲೊಮಾ ಪರೀಕ್ಷಾ ಮಂಡಳಿ. ಇವರು ಕೊಡುವುದು ಕಲಿತದ್ದಕ್ಕೆ ಸಾಕ್ಷಿ. ಕೆಲಸ ಮಾಡುವ ಅಧಿಕಾರ ಕೊಡುವುದು ಕೌನ್ಸಿಲ್. ದೇಶಮಟ್ಟದಲ್ಲಿ ಇದಕ್ಕಾಗಿ 1947ರಲ್ಲಿ ಭಾರತೀಯ ನರ್ಸಿಂಗ್ ಕೌನ್ಸಿಲ್ ಕಾಯ್ದೆ ಬಂತು. ನಮ್ಮ ರಾಜ್ಯದ ನರ್ಸ್‌ಗಳು, ಸೂಲಗಿತ್ತಿಯರು ಮತ್ತು ಆರೋಗ್ಯ ಸಂದರ್ಶಕಿಯರ ಕಾಯ್ದೆ 1961ರದ್ದು. ನರ್ಸ್‌ಗಳ ಹೆಸರಿನ ಮುಂದೆ ಆರ್‌ಎನ್, ಆರ್‌ಎಂ ಎಂದು ಬರೆದಿರುವುದನ್ನು ನೋಡಿರಬಹುದು. ಮೊದಲನೆಯದು ನೋಂದಾಯಿತ ನರ್ಸ್, ಎರಡನೆಯದು ನೋಂದಾಯಿತ ಹೆರಿಗೆ ದಾದಿ. 2023ರ ಆಗಸ್ಟ್‌ನಲ್ಲಿ ಸಂಸತ್ತು 1947ರ ಕಾಯ್ದೆಯ ಬದಲಿಗೆ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆಯನ್ನು ಅಂಗೀಕರಿಸಿತು. ವ್ಯವಸ್ಥೆಯ ಹೆಸರು ಬದಲಾಗಬಹುದು, ರಿಜಿಸ್ಟರ್ ಇರುವುದಂತೂ ತಪ್ಪುವುದಿಲ್ಲ. ಇರಲೂ ಬೇಕು. ನಮ್ಮ ತಾಯಿಗೆ ಡ್ರಿಪ್ ಏರಿಸುವ ಕೈ ಯಾರದ್ದು, ಆಕೆ ನಿಜಕ್ಕೂ ಕಲಿತವಳೇ ಎಂದು ತಿಳಿಯಲು ರೋಗಿಯ ಮನೆಯವರಿಗೆ ಬೇರೆ ದಾರಿ ಯಾವುದಿದೆ?

ನವೀಕರಣಕ್ಕೆ ಬರೀ ಹಣ ಸಾಲದು. ಐದು ವರ್ಷಕ್ಕೊಮ್ಮೆ ನವೀಕರಿಸುವಾಗ 150 ಗಂಟೆಗಳ ಮುಂದುವರಿದ ಕಲಿಕೆ ಆಗಿರಬೇಕೆಂದು ಭಾರತೀಯ ನರ್ಸಿಂಗ್ ಕೌನ್ಸಿಲ್ ಹೇಳಿದೆ. ಅಂದರೆ ವರ್ಷಕ್ಕೆ 30 ಗಂಟೆ. ಆಸ್ಪತ್ರೆಯಲ್ಲಿ ಇರುವವರಿಗೆ ಅಲ್ಲೇ ನಡೆಯುವ ತರಬೇತಿ, ಕಾರ್ಯಾಗಾರಗಳಲ್ಲಿ ಇದು ಸಿಗುತ್ತದೆ. ಮನೆಯಲ್ಲಿರುವವರು ಹುಡುಕಿಕೊಂಡು ಹೋಗಬೇಕು. ಇದರ ಜೊತೆಗೆ ಆಧಾರ್ ಜೋಡಿಸಿ ಪ್ರತಿಯೊಬ್ಬ ನರ್ಸ್‌ಗೂ ದೇಶಕ್ಕೆಲ್ಲ ಒಂದೇ ಗುರುತು ಸಂಖ್ಯೆ ಕೊಡುವ ವ್ಯವಸ್ಥೆಯೂ ಬಂದಿದೆ.

ನಮ್ಮ ಸಮಸ್ಯೆ ಶುರುವಾಗುವುದು ಮದುವೆಯ ನಂತರ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಜಿಎನ್‌ಎಂ ಮುಗಿಸಿ ಒಂದೂವರೆ ವರ್ಷ ದುಡಿದಳು. ಮದುವೆಯಾಯಿತು. ಗಂಡ ಸೌದಿಯಲ್ಲಿ. ಅತ್ತೆ ಮನೆಯಲ್ಲಿ ಯಾರೂ ಕೆಲಸಕ್ಕೆ ಹೋಗಬೇಡ ಎನ್ನಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಮಕ್ಕಳಿಬ್ಬರಾದರು. ಎಂಟು ವರ್ಷ ಕಳೆಯಿತು. ಅಲ್ಲಿ ಗಂಡನ ಕಂಪೆನಿ ಮುಚ್ಚಿತು, ಅವನು ಬಾಕಿ ಸಂಬಳವನ್ನೂ ಬಿಟ್ಟು ಊರಿಗೆ ಮರಳಿದ. ಈಗ ಇವಳು ದುಡಿಯಬೇಕಾಯಿತು. ಪಟ್ಟಣದ ಒಂದು ಆಸ್ಪತ್ರೆಗೆ ಹೋದಾಗ ಅವರು ಮೊದಲು ಕೇಳಿದ್ದು, "ರಿನೀವಲ್ ಆಗಿದೆಯಾ?" ಆಗಿರಲಿಲ್ಲ. ಸ್ಟಾಫ್ ನರ್ಸ್ ಕೆಲಸ ಇಲ್ಲ, ಬೇಕಿದ್ದರೆ ಸಹಾಯಕಿಯಾಗಿ ಸೇರಬಹುದು ಎಂದರು. ಕೆಲಸ ಹೆಚ್ಚುಕಡಿಮೆ ಅದೇ, ಸಂಬಳ ಮಾತ್ರ ತೀರಾ ಕಡಿಮೆ. ನನಗೆ ಫೋನ್ ಮಾಡಿದವಳು, "ಉಸ್ತಾದ್, ನಾನು ನರ್ಸೋ ಅಲ್ವೋ ಅಂತ ನನಗೇ ಗೊತ್ತಾಗ್ತಿಲ್ಲ" ಎಂದಳು. ಬಾಕಿ ಶುಲ್ಕವನ್ನು ದಂಡ ಸಹಿತ ಕಟ್ಟಿ, ಕಾಗದಪತ್ರಕ್ಕಾಗಿ ಎರಡು ಸಲ ಬೆಂಗಳೂರಿಗೆ ಹೋಗಿಬಂದು, ಕೆಲವು ತಿಂಗಳ ನಂತರ ಹೆಸರು ಸರಿಯಾಯಿತು. ಆ ತಿಂಗಳುಗಳಲ್ಲಿ ಮನೆ ನಡೆದದ್ದು ಆಕೆಯ ಬಳೆ ಅಡವಿಟ್ಟು.

ಕಾಲಕ್ಕೆ ಸರಿಯಾಗಿ ಕಟ್ಟಿದ್ದರೆ ಆಗುತ್ತಿದ್ದ ಖರ್ಚು ಒಂದು ಹಬ್ಬದ ಬಟ್ಟೆಗಿಂತ ಹೆಚ್ಚಿರಲಿಲ್ಲ. ಹಣದ ಕೊರತೆಯಿಂದ ತಪ್ಪಿದ್ದಲ್ಲ ಅದು. ಯಾರ ಲೆಕ್ಕದಲ್ಲೂ ಸೇರದೆ ತಪ್ಪಿದ್ದು. ತವರಿನವರು ಇನ್ನು ಅದು ಗಂಡನ ಮನೆಯ ವಿಷಯ ಎಂದುಕೊಂಡರು. ಗಂಡನ ಮನೆಯವರಿಗೆ ಅಂಥದ್ದೊಂದು ಇದೆಯೆಂದೇ ಗೊತ್ತಿರಲಿಲ್ಲ. ಆಕೆಗೆ ಕೇಳಲು ಸಂಕೋಚ: ಕೆಲಸಕ್ಕೇ ಹೋಗದವಳು ಕೆಲಸದ ಶುಲ್ಕಕ್ಕೆ ಹಣ ಕೇಳುವುದು ಹೇಗೆ? ವಾಹನದ ವಿಮೆ ಮುಗಿಯುವ ತಾರೀಕು ಮನೆಯಲ್ಲಿ ಎಲ್ಲರಿಗೂ ನೆನಪಿರುತ್ತದೆ. ಮದುವೆ ಮಾತುಕತೆಯಲ್ಲಿ ಹುಡುಗಿ ಕೆಲಸ ಮಾಡುತ್ತಾಳೋ ಇಲ್ಲವೋ ಎಂದು ಗಂಟೆಗಟ್ಟಲೆ ಚರ್ಚಿಸುವ ಹಿರಿಯರು, ಮಾಡದಿದ್ದರೂ ನೋಂದಣಿ ಉಳಿಸಿಕೊಳ್ಳುತ್ತಾಳೆ ಎಂಬ ಒಂದು ಮಾತನ್ನು ಅಲ್ಲೇ ಸೇರಿಸಬಹುದಲ್ಲ!

ಫಾರ್ಮಸಿ ಕಲಿತವರ ಕಥೆ ಬೇರೆ. 1948ರ ಫಾರ್ಮಸಿ ಕಾಯ್ದೆಯ ಪ್ರಕಾರ ಅವರು ರಾಜ್ಯ ಫಾರ್ಮಸಿ ಕೌನ್ಸಿಲ್‌ಗೆ ನವೀಕರಣ ಶುಲ್ಕ ಕಟ್ಟಬೇಕು. ಕಟ್ಟದಿದ್ದರೆ ಹೆಸರು ರಿಜಿಸ್ಟರಿನಿಂದ ಹೋಗುತ್ತದೆ. ಇಲ್ಲಿ ಶುಲ್ಕ ಮರೆಯುವುದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಡಿ.ಫಾರ್ಮಾ ಮುಗಿಸಿ ಮನೆಯಲ್ಲಿರುವ ಹುಡುಗಿಯ ಸರ್ಟಿಫಿಕೇಟನ್ನು ಯಾವುದೋ ಮೆಡಿಕಲ್ ಶಾಪಿಗೆ ತಿಂಗಳ ಬಾಡಿಗೆಗೆ ಕೊಡುವುದು. "ಮನೆಯಲ್ಲಿ ಕೂತಲ್ಲೇ ಹಣ ಬರುತ್ತದೆ" ಎಂದು ಶುಲ್ಕವನ್ನೂ ಅಂಗಡಿಯವನೇ ಕಟ್ಟಿಕೊಡುತ್ತಾನೆ. ಅಲ್ಲಿ ಗೋಡೆಯ ಮೇಲೆ ಆಕೆಯ ಹೆಸರು, ಕೌಂಟರಿನಲ್ಲಿ ಔಷಧಿ ಕೊಡುವವನು ಪಿಯುಸಿ ಫೇಲಾದ ಹುಡುಗ. ತಪ್ಪು ಮಾತ್ರೆ ಹೋದರೆ ಉತ್ತರ ಹೇಳಬೇಕಾದವಳು ಆಕೆ. ಇದನ್ನು ಗಳಿಕೆ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಲ್ಯಾಬ್, ಎಕ್ಸ್‌ರೇ, ಫಿಸಿಯೋಥೆರಪಿ ಕಲಿತವರಿಗೂ 2021ರಲ್ಲಿ ಪ್ರತ್ಯೇಕ ರಾಷ್ಟ್ರೀಯ ಆಯೋಗದ ಕಾಯ್ದೆ ಬಂದಿದ್ದು, ಅವರ ಹೆಸರೂ ರಿಜಿಸ್ಟರಿಗೆ ಸೇರಬೇಕಾಗುತ್ತದೆ.

ನಮ್ಮ ಹೆಣ್ಣುಮಕ್ಕಳಿಗೆ ವಿಶೇಷವಾಗಿ ಕಾಡುವ ಒಂದು ತೊಡಕು ಹೆಸರಿನದ್ದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಫಾತಿಮಾ ಎಂದಿರುತ್ತದೆ, ಆಧಾರ್‌ನಲ್ಲಿ ಫಾತಿಮತ್, ಪಾಸ್‌ಪೋರ್ಟಿನಲ್ಲಿ ಫಾತಿಮಾ ಬಾನು, ಮದುವೆಯ ಬಳಿಕ ಕೊನೆಗೆ ಗಂಡನ ಹೆಸರು. ಇಂಗ್ಲಿಷಿನಲ್ಲಿ ಬರೆಯುವಾಗ ಒಬ್ಬರು ಒಂದಕ್ಷರ ಹೆಚ್ಚಿಸುತ್ತಾರೆ, ಇನ್ನೊಬ್ಬರು ಇಳಿಸುತ್ತಾರೆ. ನಮಗೆ ಅದೆಲ್ಲ ಒಂದೇ. ಕಂಪ್ಯೂಟರಿಗೆ ನಾಲ್ಕು ಬೇರೆ ಹೆಂಗಸರು. ನೋಂದಣಿಗೆ ಅರ್ಜಿ ಹಾಕುವ ಮೊದಲೇ ಎಸ್ಸೆಸ್ಸೆಲ್ಸಿಯಲ್ಲಿ ಇರುವಂತೆ ಉಳಿದ ದಾಖಲೆಗಳನ್ನು ಸರಿಪಡಿಸಿಕೊಂಡರೆ ಆಮೇಲೆ ಅಫಿಡವಿಟ್, ಗೆಜೆಟ್ ಎಂದು ಅಲೆಯುವ ಕಷ್ಟ ತಪ್ಪುತ್ತದೆ.

ಮೂಲ ನೋಂದಣಿ ಪತ್ರವನ್ನು ಯಾರ ಕೈಯಲ್ಲೂ ಬಿಟ್ಟು ಬರಬಾರದು. "ಎರಡು ವರ್ಷ ಬಾಂಡ್" ಎಂದು ಹೇಳಿ ಸರ್ಟಿಫಿಕೇಟುಗಳನ್ನು ತಮ್ಮಲ್ಲೇ ಇರಿಸಿಕೊಳ್ಳುವ ಆಸ್ಪತ್ರೆಗಳಿದ್ದವು. 2011-12ರಲ್ಲಿ ಮುಂಬೈ, ದೆಹಲಿ, ಕೇರಳಗಳ ಖಾಸಗಿ ಆಸ್ಪತ್ರೆಗಳ ನರ್ಸ್‌ಗಳು ಮುಷ್ಕರ ಹೂಡಿದಾಗ ಸಂಬಳದಷ್ಟೇ ಜೋರಾಗಿ ಕೇಳಿದ್ದು ಈ ಬಾಂಡ್ ಪದ್ಧತಿ ನಿಲ್ಲಲಿ ಎಂದು. ನೋಡಿ ಪರಿಶೀಲಿಸಲು ಮೂಲ ಪತ್ರ ತೋರಿಸಿದರೆ ಸಾಕು, ಕಡತಕ್ಕೆ ಜೆರಾಕ್ಸ್ ಕೊಡಿ.

ಇನ್ನು ಗಲ್ಫ್. ಅಲ್ಲಿ ಪ್ರತಿ ದೇಶಕ್ಕೂ ಅದರದೇ ಪರವಾನಗಿ. ಸೌದಿಯಲ್ಲಿ ಆರೋಗ್ಯ ತಜ್ಞತೆಗಳ ಆಯೋಗ, ದುಬೈಗೆ ಅಲ್ಲಿನ ಆರೋಗ್ಯ ಪ್ರಾಧಿಕಾರ, ಅಬುಧಾಬಿಗೆ ಬೇರೆಯೇ ಇಲಾಖೆ. ಹೆಚ್ಚಿನ ಕಡೆ ಡಾಟಾಫ್ಲೋ ಮೂಲಕ ದಾಖಲೆ ಪರಿಶೀಲನೆ, ಆಮೇಲೆ ಕಂಪ್ಯೂಟರಿನಲ್ಲಿ ಪರೀಕ್ಷೆ. ಪದವಿ, ಅನುಭವ ಪತ್ರ, ಕೌನ್ಸಿಲ್ ನೋಂದಣಿ, ಮೂರನ್ನೂ ಕೊಟ್ಟವರಲ್ಲೇ ಕೇಳಿ ಖಚಿತಪಡಿಸಿಕೊಳ್ಳುತ್ತಾರೆ. ಊರಿನ ನೋಂದಣಿ ಸತ್ತಿದ್ದರೆ ಮುಂದಿನ ಬಾಗಿಲು ತೆರೆಯುವುದೇ ಇಲ್ಲ. ದುಡಿಯದೇ ಬರೆಸಿಕೊಂಡ ಅನುಭವ ಪತ್ರವೂ ಇಲ್ಲೇ ಸಿಕ್ಕಿಬೀಳುತ್ತದೆ.

ಬ್ರಿಟನ್ನಿನಲ್ಲೂ ಹೀಗೆಯೇ. ಅಲ್ಲಿ ನರ್ಸ್‌ಗಳು ವರ್ಷವರ್ಷವೂ ಶುಲ್ಕ ಕಟ್ಟುತ್ತಾರೆ. ಅದು 2013ರಲ್ಲಿ 76 ಪೌಂಡಿನಿಂದ 100ಕ್ಕೆ, 2015ರಲ್ಲಿ 120ಕ್ಕೆ ಏರಿದಾಗ ಅವರೂ ಗಟ್ಟಿಯಾಗಿಯೇ ಪ್ರತಿಭಟಿಸಿದರು. ವಾರಕ್ಕೆರಡು ದಿನ ದುಡಿಯುವ ತಾಯಿಗೂ ಅಷ್ಟೇ ಶುಲ್ಕ ಎಂಬುದು ನನಗೂ ನ್ಯಾಯವಾಗಿ ಕಾಣುವುದಿಲ್ಲ. 2016ರಿಂದ ಅಲ್ಲಿ ಮೂರು ವರ್ಷಕ್ಕೊಮ್ಮೆ 450 ಗಂಟೆ ಕೆಲಸ, 35 ಗಂಟೆ ಕಲಿಕೆಯ ಲೆಕ್ಕವನ್ನೂ ತೋರಿಸಬೇಕು.

ಆದರೆ ಸರಕಾರಿ ಶುಲ್ಕಗಳು ಯಾವ ಮನೆಯನ್ನೂ ಮುಳುಗಿಸಿಲ್ಲ. ಮುಳುಗಿಸಿದ್ದು ಏಜೆಂಟರ ಶುಲ್ಕ. 2015ರಲ್ಲಿ ಕುವೈತಿನ ಆರೋಗ್ಯ ಇಲಾಖೆಗೆ ನರ್ಸ್‌ಗಳನ್ನು ಕಳುಹಿಸುವ ಕೊಚ್ಚಿಯ ಏಜೆನ್ಸಿಯೊಂದು 19,500 ರೂಪಾಯಿ ಪಡೆಯಬೇಕಾದಲ್ಲಿ 19.5 ಲಕ್ಷ ಪಡೆದ ಆರೋಪದ ಮೇಲೆ ಸಿಬಿಐ ಮೊಕದ್ದಮೆ ಹೂಡಿತು. ಅದೇ ವರ್ಷ ಕೇಂದ್ರ ಸರಕಾರ ಗಲ್ಫ್ ಸಹಿತ ಕೆಲವು ದೇಶಗಳಿಗೆ ನರ್ಸ್‌ಗಳ ನೇಮಕಾತಿಯನ್ನು ಸರಕಾರಿ ಸಂಸ್ಥೆಗಳ ಮೂಲಕವೇ ಆಗಬೇಕೆಂದು ಬಿಗಿಗೊಳಿಸಿತು. ನೋಂದಾಯಿತ ಏಜೆಂಟರು ವಿದೇಶ ಉದ್ಯೋಗಕ್ಕೆ ಪಡೆಯಬಹುದಾದ ಗರಿಷ್ಠ ಸೇವಾ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ ಎಂದು ವಿದೇಶಾಂಗ ಇಲಾಖೆ ಹೇಳಿದೆ. ಬ್ರಿಟನ್ನಿನ ನಿಯಮದಲ್ಲಂತೂ ಕೆಲಸ ಕೊಡಿಸಿದ್ದಕ್ಕೆ ಅಭ್ಯರ್ಥಿಯಿಂದ ಹಣ ಪಡೆಯುವಂತೆಯೇ ಇಲ್ಲ. ಯಾರಾದರೂ "ಲೈಸೆನ್ಸ್ ಫೀಸ್, ಎಲ್ಲ ಸೇರಿ ಇಷ್ಟು ಲಕ್ಷ" ಎಂದರೆ ಸುಮ್ಮನೆ ತಲೆಯಾಡಿಸದೆ ಬಿಡಿ ಬಿಡಿಯಾಗಿ ಕೇಳಿ: ಕೌನ್ಸಿಲ್‌ಗೆ ಎಷ್ಟು, ಪರಿಶೀಲನೆಗೆ ಎಷ್ಟು, ಪರೀಕ್ಷೆಗೆ ಎಷ್ಟು, ರಸೀದಿ ಎಲ್ಲಿ? ಪ್ರತಿ ಶುಲ್ಕದ ದರವೂ ಆಯಾ ಸಂಸ್ಥೆಯ ಜಾಲತಾಣದಲ್ಲಿ ಇರುತ್ತದೆ. ನಿಮ್ಮ ಮಗಳೇ ಮೊಬೈಲಿನಲ್ಲಿ ತೆರೆದು ಓದಿ ಹೇಳಬಲ್ಲಳು.

ಕೊನೆಗೆ ಒಂದು ಸಣ್ಣ ಸಂಗತಿ. ಈಗ ಹೆಚ್ಚಿನ ಅರ್ಜಿ, ಶುಲ್ಕ ಎಲ್ಲ ಆನ್‌ಲೈನ್. ಸೈಬರ್ ಅಂಗಡಿಗೆ ಹೋದಾಗ ಅಲ್ಲಿನ ಹುಡುಗ ಬೇಗ ಆಗಲೆಂದು ತನ್ನದೇ ಇಮೇಲ್ ಹಾಕಿಬಿಡುತ್ತಾನೆ, ಇಲ್ಲವೆ ಅಣ್ಣನ ಮೊಬೈಲ್ ನಂಬರ್ ಕೊಟ್ಟು ಬರುತ್ತೇವೆ. ಐದು ವರ್ಷದ ನಂತರ ನವೀಕರಣದ ಓಟಿಪಿ ಬರುವುದು ಆ ನಂಬರಿಗೆ. ಅಣ್ಣ ಅಷ್ಟರಲ್ಲಿ ದಮ್ಮಾಮಿನಲ್ಲಿ, ಊರಿನ ಸಿಮ್ ಬಂದ್. ಮೊದಲ ಅರ್ಜಿಯಲ್ಲೇ ಆಕೆಯ ಸ್ವಂತ ನಂಬರು, ಆಕೆಯ ಸ್ವಂತ ಇಮೇಲ್ ಇರಲಿ, ಪಾಸ್‌ವರ್ಡನ್ನು ಆಕೆಯೇ ಬರೆದಿಟ್ಟುಕೊಳ್ಳಲಿ.