ಸೊಸೈಟಿ ಅಂದರೆ ಸೈಟಷ್ಟೇ ಅಲ್ಲ

ಬೆಂಗಳೂರು, ಮೈಸೂರಿನವರಿಗೆ ಗೃಹ ನಿರ್ಮಾಣ ಸಹಕಾರ ಸಂಘ ಎಂದರೆ ಸೈಟು. ಷೇರು ಹಣ ಕಟ್ಟಿ ಸದಸ್ಯರಾಗುವುದು, ಕಂತು ತುಂಬುವುದು, ಲೇಔಟ್‌ಗೆ ಅನುಮೋದನೆ ಸಿಗುವವರೆಗೆ ವರ್ಷಗಟ್ಟಲೆ ಕಾಯುವುದು, ಕೊನೆಗೆ ನೋಂದಣಿ, ಖಾತೆ. ಅಲ್ಲಿಗೆ ಸಹಕಾರ ಮುಗಿಯಿತು. ಮುಂದೆ ಆ ಸೈಟು ಕೈ ಬದಲಾಯಿಸುವುದು ಪೇಟೆ ದರಕ್ಕೇ. ಅಗ್ಗದ ಲಾಭ ಸಿಕ್ಕಿದ್ದು ಮೊದಲ ಸದಸ್ಯನಿಗೆ ಮಾತ್ರ. ಇದನ್ನು ನೋಡಿ, ಸಹಕಾರದಿಂದ ಮನೆ ಅಗ್ಗವಾಗುತ್ತದೆ ಎಂಬುದೇ ಬುರುಡೆ ಎನ್ನುವವರಿದ್ದಾರೆ. ಮುಂಬೈ ಅವರ ಮಾತಿಗೆ ಇನ್ನಷ್ಟು ಬಲ ಕೊಡುವಂತೆ ಕಾಣುತ್ತದೆ: ಅಲ್ಲಿ ನೆಲ, ಕಟ್ಟಡ ಎರಡೂ ಸೊಸೈಟಿಯ ಹೆಸರಿನಲ್ಲಿರುವುದುಂಟು, ಆದರೂ ಫ್ಲ್ಯಾಟಿನ ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಎರಡೂ ಕಡೆ ಕಾಣದಿರುವ ನಿಯಮವೊಂದಿದೆ: ಬಿಟ್ಟು ಹೋಗುವ ಸದಸ್ಯ ಏರಿದ ಬೆಲೆಯನ್ನು ಜೇಬಿಗಿಳಿಸುವಂತಿಲ್ಲ.

ಆ ನಿಯಮವಿದ್ದರೆ ಏನಾಗುತ್ತದೆಂದು ನೋಡಲು ಸ್ವಿಟ್ಜರ್ಲೆಂಡಿನ ಜೂರಿಕ್ ಒಳ್ಳೆಯ ಜಾಗ. ಜಗತ್ತಿನ ಅತಿ ದುಬಾರಿ ನಗರಗಳಲ್ಲೊಂದಾದ ಅಲ್ಲಿ ಐದು ಮನೆಗಳಲ್ಲಿ ಹೆಚ್ಚುಕಡಿಮೆ ಒಂದು ಸಹಕಾರ ಸಂಘದ್ದು. ಒಳಬರುವ ಸದಸ್ಯ ಷೇರು ಹಣ ಕಟ್ಟುತ್ತಾನೆ, ತಿಂಗಳಿಗೆ ಬಾಡಿಗೆ ಕೊಡುತ್ತಾನೆ. ಸಾಲದ ಬಡ್ಡಿ, ನೆಲದ ಗುತ್ತಿಗೆ, ರಿಪೇರಿ, ಆಡಳಿತ, ಮುಂದಿನ ನವೀಕರಣಕ್ಕೆಂದು ಎತ್ತಿಡುವ ಹಣ, ಇವಿಷ್ಟನ್ನು ಕೂಡಿಸಿದರೆ ಬಾಡಿಗೆ. ಲಾಭದ ಬಾಬ್ತು ಇಲ್ಲ. ಮನೆ ಬಿಡುವಾಗ ಕಟ್ಟಿದ ಷೇರು ಹಣ ಅಷ್ಟೇ ವಾಪಸು. ಹಾಗಾಗಿ ಕಟ್ಟಡ ಹಳತಾಗಿ ಸಾಲ ಕರಗಿದಂತೆ, ಪಕ್ಕದ ಖಾಸಗಿ ಕಟ್ಟಡಕ್ಕೂ ಇದಕ್ಕೂ ಬಾಡಿಗೆಯ ಅಂತರ ಹೆಚ್ಚುತ್ತದೆ. ಇವು ಬಡವರಿಗೆಂದು ಕಟ್ಟಿದ ಕಾಲೊನಿಗಳೂ ಅಲ್ಲ. ಟ್ರಾಮ್ ನಿಲ್ಲಿಸುವ ಶೆಡ್ಡಿನ ಮೇಲೆಯೇ ಎದ್ದು 2014ರಲ್ಲಿ ಜನ ವಾಸಕ್ಕೆ ಬಂದ ಕಾಲ್ಕ್‌ಬ್ರೈಟೆ ಎಂಬ ಸಹಕಾರಿ ಕಟ್ಟಡದಲ್ಲಿ ಎಲ್ಲ ವರ್ಗದವರೂ ಇದ್ದಾರೆ. ಸ್ವಂತ ಕಾರು ಇಟ್ಟುಕೊಳ್ಳುವುದಿಲ್ಲವೆಂದು ಒಪ್ಪಿ ಬಂದವರು. (ನಮ್ಮಲ್ಲಿ ಈ ಷರತ್ತಿಗೆ ಎಷ್ಟು ಮಂದಿ ಸಹಿ ಹಾಕಿಯಾರು!)

ಇದೆಲ್ಲ ಸರ್ಕಾರದ ಬಿಟ್ಟಿ ಭಾಗ್ಯ ತಾನೇ ಎಂಬ ಆಕ್ಷೇಪ ಪೂರ್ತಿ ಸುಳ್ಳಲ್ಲ. ಜೂರಿಕ್ ನಗರಸಭೆ ಸಂಘಗಳಿಗೆ ದೀರ್ಘಾವಧಿ ಗುತ್ತಿಗೆಗೆ ನೆಲ ಕೊಡುತ್ತದೆ. ಆದರೆ ಗುತ್ತಿಗೆ ಹಣ ವಸೂಲಾಗುತ್ತದೆ, ನೆಲ ನಗರದ ಕೈಯಲ್ಲೇ ಉಳಿಯುತ್ತದೆ. ಲಾಭವಿಲ್ಲದ ಮನೆಗಳ ಪಾಲು ಬಾಡಿಗೆ ಮನೆಗಳಲ್ಲಿ ಮೂರನೇ ಒಂದಕ್ಕೆ ಏರಬೇಕೆಂದು 2011ರಲ್ಲಿ ಮತ ಹಾಕಿದವರೂ ಅಲ್ಲಿನ ತೆರಿಗೆದಾರರೇ. ನಿಜವಾದ ದೋಷ ಬೇರೆಡೆ ಇದೆ: ಷೇರು ಹಣ ಸಣ್ಣ ಮೊತ್ತವಲ್ಲ, ಮನೆಗಾಗಿ ಕಾಯುವವರ ಸಾಲು ಉದ್ದ. ಕೈಯಲ್ಲಿ ಕಾಸಿಲ್ಲದವರ ಪ್ರಶ್ನೆಗೆ ಉರುಗ್ವೆ ಬೇರೆ ದಾರಿ ಹಿಡಿಯಿತು. ಅಲ್ಲಿನ 1968ರ ವಸತಿ ಕಾನೂನಿನಡಿ ಕುಟುಂಬಗಳು ಹಣದ ಬದಲು ದುಡಿಮೆ ಹಾಕಿ, ವಾರಕ್ಕೆ ಸಾಮಾನ್ಯವಾಗಿ 21 ಗಂಟೆ ಇಟ್ಟಿಗೆ ಹೊತ್ತು, ಗಾರೆ ಕಲಸಿ, ಮನೆ ಕಟ್ಟಿಕೊಂಡವು. ಒಡೆತನ ಸಂಘದ್ದು, ವಾಸದ ಹಕ್ಕು ಕುಟುಂಬದ್ದು. ಸ್ವಂತದ್ದಲ್ಲದ ಮನೆಯಿಂದ ಮಕ್ಕಳಿಗೇನು ಉಳಿಯುತ್ತದೆ ಎಂದು ಕೇಳುವವರು ಗಮನಿಸಬೇಕು: ಆ ವಾಸದ ಹಕ್ಕು ಮಕ್ಕಳಿಗೆ ಹೋಗುತ್ತದೆ.

ಏರಿದ ಬೆಲೆಗೆ ಹಾಕಿದ ಈ ಬೀಗ ತೆಗೆದರೆ ಏನಾಗುತ್ತದೆಂಬುದಕ್ಕೂ ಸಾಕ್ಷಿ ಇದೆ. ಸ್ವೀಡನ್ 1960ರ ದಶಕದ ಕೊನೆಯಲ್ಲಿ ಸಹಕಾರಿ ಮನೆಗಳ ಮರುಮಾರಾಟಕ್ಕಿದ್ದ ಬೆಲೆ ನಿಯಂತ್ರಣವನ್ನು ಕೈಬಿಟ್ಟಿತು. ಇಂದು ಸ್ಟಾಕ್‌ಹೋಮಿನಲ್ಲಿ ಅವು ಪೇಟೆ ದರಕ್ಕೇ ಬಿಕರಿಯಾಗುತ್ತವೆ. ಸಂಘ ಉಳಿಯಿತು, ಅಗ್ಗ ಹೋಯಿತು. ಕರ್ನಾಟಕದ ಸಂಘವೊಂದು ಜೂರಿಕ್‌ನ ಹಾದಿ ಹಿಡಿಯಬೇಕೆಂದರೆ ಬೈಲಾ ತಿದ್ದುವುದೇನೂ ದೊಡ್ಡ ಕೆಲಸವಲ್ಲ. ತೊಡಕಿರುವುದು ಸಾಲದಲ್ಲಿ. ನಮ್ಮ ಬ್ಯಾಂಕುಗಳಿಗೆ ಅಭ್ಯಾಸವಾಗಿರುವುದು ಒಬ್ಬರ ಹೆಸರಿನ ಕ್ರಯಪತ್ರ ಅಡವಿಟ್ಟುಕೊಂಡು ಗೃಹಸಾಲ ಕೊಡುವುದು. ಲಾಭಕ್ಕೆ ಮಾರಲಾಗದ ಕಟ್ಟಡಕ್ಕೆ, ಸಂಘದ ಹೆಸರಿನಲ್ಲಿ, ಹತ್ತಾರು ವರ್ಷಗಳ ಅವಧಿಗೆ ಸಾಲ ಕೊಡುವವರು ಯಾರು? ಸ್ವಿಸ್ ಸಂಘಗಳ ಬೆನ್ನಿಗೆ ಬ್ಯಾಂಕುಗಳ ಜೊತೆಗೆ ಕೇಂದ್ರ ಸರ್ಕಾರದ ಖಾತರಿಯುಳ್ಳ ಬಾಂಡುಗಳೂ ಇವೆ.